ಸಾವಕ್ಕತ್ತಿಯ ತಪಾಸಣೆ

ಅಪ್ಪನ ಅಕ್ಕ ಸಾವಕ್ಕ ಹೂಂ ಅನ್ನದೆ ನಮ್ಮ ಬಳಗದಲ್ಲಿ ಯಾರ ಲಗ್ನವೂ ಆಗುತ್ತಿರಲಿಲ್ಲ. ಧಾರವಾಡದ ಹತ್ತಿರದ ಮುಗದದಲ್ಲಿ ನಮ್ಮ ತುಂಡು ಹೊಲ ನೋಡಿಕೊಂಡು ಒಬ್ಬಳೇ ಇದ್ದ ಹೆಂಗಸು. ಓದು ಬರಹ ಗೊತ್ತಿಲ್ಲ. ಆದರೆ ಗಂಡು ನೋಡುವ ವಿಷಯಕ್ಕೆ ಬಂದರೆ ಪೊಲೀಸರೂ ಅವಳ ಮುಂದೆ ಕೈಕಟ್ಟಿ ನಿಲ್ಲಬೇಕು. ಹೇಳದೆ ಕೇಳದೆ ಗಂಡಿನ ಊರಿಗೆ ಹೋಗುವಳು. ಗಂಡಿನ ಮನೆಗಲ್ಲ, ಪಕ್ಕದ ಮನೆಗೆ. "ಯವ್ವಾ, ಬಸ್ ತಪ್ಪೇತಿ, ಒಂದು ತಂಬಿಗಿ ನೀರು ಕೊಡವಾ" ಎಂದು ಕಟ್ಟೆಯ ಮೇಲೆ ಕೂತಳೆಂದರೆ, ಏಳುವಷ್ಟರಲ್ಲಿ ಹುಡುಗ ಕುಡಿಯುತ್ತಾನೋ ಇಲ್ಲವೋ, ಅತ್ತೆ ಎಂಥವಳು, ಹೊಲದ ವ್ಯಾಜ್ಯ ಯಾರ ಜೊತೆ, ಎಲ್ಲ ಅವಳ ಸೆರಗಿನ ಗಂಟಿನಲ್ಲಿ.

ಅವಳನ್ನು ಕೊಡುವಾಗ ಮಾತ್ರ ಯಾರೂ ಹೀಗೆ ಹೋಗಿ ಕೇಳಿರಲಿಲ್ಲ. ಗಂಡನ ಮನೆಗೆ ಕಾಲಿಟ್ಟ ದಿನ ಒಲೆಯ ಮುಂದೆ ಇನ್ನೊಬ್ಬಳು ಕೂತು ರೊಟ್ಟಿ ಬಡಿಯುತ್ತಿದ್ದಳಂತೆ. "ನೀ ಯಾರಬೇ?" ಎಂದು ಇವಳು ಕೇಳಿದರೆ ಅವಳೂ ಅದನ್ನೇ ಕೇಳಿದಳಂತೆ. ಮುಂದಿನ ಬಸ್ಸಿಗೆ ಅತ್ತಿ ತವರಿಗೆ ವಾಪಸು. ಆಮೇಲೆ ಜಗತ್ತಿನ ಯಾವ ಗಂಡಸನ್ನೂ ಅವಳು ನಂಬಲಿಲ್ಲ.

ನನ್ನ ಸರದಿ ಬಂದದ್ದು ೨೦೦೧ರಲ್ಲಿ. ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ. ಪ್ರತಾಪ ಮತ್ತು ನಾನು ಧಾರವಾಡದಲ್ಲಿ ಒಟ್ಟಿಗೆ ಬಿ.ಎಡ್. ಓದಿದವರು. ಅವನಿಗೆ ಭೂತಾನ ದೇಶದಲ್ಲಿ ಮಾಸ್ತರಿಕೆ ಸಿಕ್ಕಿತು, ಹೋದ. ಮೂರು ವರ್ಷ ಪತ್ರದಲ್ಲಿ ಮತ್ತು ಭಾನುವಾರದ ಎಸ್‌ಟಿಡಿ ಬೂತಿನಲ್ಲಿ ನಮ್ಮ ಸಂಸಾರ. ನಮ್ಮದೇ ಜಾತಿ, ನಮ್ಮಂತೆ ಬೌದ್ಧರಾದ ಮನೆತನ, ಸರ್ಕಾರಿ ಸಂಬಳ. ಅಪ್ಪ ಉಡಚಪ್ಪ ಕುಣಿದುಬಿಟ್ಟ. ಆದರೆ ಪ್ರತಾಪ ಒಂದು ಷರತ್ತು ಹಾಕಿದ. ಲಗ್ನ ಭೂತಾನದಲ್ಲೇ ಆಗಬೇಕು. ನಮ್ಮ ಕಡೆಯಿಂದ ಅಪ್ಪ, ಅತ್ತಿ, ನಾನು ಮೂವರು, ಅವನ ಕಡೆಯಿಂದ ಅಣ್ಣ ಫಕೀರಪ್ಪ ಒಬ್ಬನೇ.

"ಬುದ್ಧನ ನಾಡಾಗ ಲಗ್ನ! ಯಾರಿಗೆ ಸಿಗತೈತಿ?" ಎಂದು ಅಪ್ಪ ಹಿಗ್ಗಿದ.

ಅತ್ತಿ ಎಲೆ ಅಡಿಕೆ ಜಗಿಯುತ್ತ ಕೇಳಿದಳು: "ಚಳಿಗಾಲದಾಗ ಅಲ್ಲಿ ಸಾಲಿಗೆ ಎರಡು ತಿಂಗಳು ಸೂಟಿ ಅಂತಿ. ಗಾಡಿ ಹತ್ತಿ ಬರಾಕ ಅವಂಗೇನು ಧಾಡಿ?"

ನನಗೆ ಮೈಯೆಲ್ಲ ಉರಿಯಿತು. ಮುಂದಿನ ಭಾನುವಾರ ಫೋನಿನಲ್ಲಿ ಪ್ರತಾಪನನ್ನೇ ಕೇಳಿದೆ. ಅವನು, "ಇಲ್ಲಿಗೆ ಬಾ ಮಾಯಾ, ಬಂದಮ್ಯಾಲ ಎಲ್ಲಾ ಹೇಳ್ತೇನಿ" ಎಂದ. ಬಂದ ಮೇಲೆ ಹೇಳುವಂಥದ್ದು ಏನಿರುತ್ತದೆ? ಬೂತಿನಿಂದ ಹೊರಗೆ ಬರುವಾಗ ಅತ್ತಿಯ ಹುಳ ನನ್ನ ತಲೆಯನ್ನೂ ಹೊಕ್ಕಿತ್ತು.

ಅತ್ತಿ ಅಷ್ಟರಲ್ಲಿ ಪ್ರತಾಪನ ಊರಿಗೆ ಹೋಗಿ ಬಂದಾಗಿತ್ತು. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಕೇರಿಯಲ್ಲಿ ಅವರ ಮನೆಗೆ ಬೀಗ, ಬಾಗಿಲ ಮುಂದೆ ಮೊಣಕಾಲೆತ್ತರ ಹುಲ್ಲು. ನಳದ ಹತ್ತಿರ ನಿಂತ ಹೆಂಗಸರ ಮುಂದೆ ಇವಳು ಲಗ್ನದ ಮಾತು ತೆಗೆದದ್ದೇ ತಡ, ಅರ್ಧ ತುಂಬಿದ ಕೊಡ ಎತ್ತಿಕೊಂಡು ಎಲ್ಲರೂ ಹೊರಟುಬಿಟ್ಟರಂತೆ. ಮುರಿಗೆವ್ವ ಎಂಬ ಒಬ್ಬ ಮುದುಕಿ ಮಾತ್ರ ಉಳಿದಳಂತೆ.

"ಏನಂದ್ಲು?" ಅಪ್ಪ ಕೇಳಿದ.

"ಆ ಮನಿ ಲಗ್ನದ ಸುದ್ದಿ ತಗೀಬ್ಯಾಡವಾ, ಹುಡುಗಿನ್ನ ಅವತ್ತ ಸಂಜೀಕೇ ಅವರಪ್ಪ ಕರಕೊಂಡು ಹೋದ ಅಂದ್ಲು. ಅಷ್ಟರಾಗ ಅಕಿ ಮಗ ಬಂದು ಅಕೀನ್ನ ಒಳಗ ಎಳಕೊಂಡು ಹೋದ." ಅತ್ತಿ ನನ್ನ ಕಡೆ ತಿರುಗಿದಳು. "ಅವರಣ್ಣಗ ಲಗ್ನ ಆಗೇತೇನು?"

"ಇಲ್ಲ. ಅಣ್ಣ ಒಬ್ಬನ ಅದಾನ ಅಂತ ಪ್ರತಾಪ ಬರದಾನ."

"ಹಂಗಾರ ಆ ಲಗ್ನ ಯಾರದು?"

ಇಬ್ಬರು ಗಂಡುಮಕ್ಕಳ ಮನೆ. ಅಣ್ಣನದಲ್ಲ ಎಂದರೆ ತಮ್ಮನದು. ನಾನು ಕೂಗಾಡಿದೆ, ನಿನ್ನ ಹಣೆಬರಹವನ್ನು ನನ್ನ ಹಣೆಗೆ ಅಂಟಿಸಬೇಡ ಎಂದು ಅತ್ತಿಗೆ ಹೇಳಿದೆ, ಅನ್ನಬಾರದ್ದನ್ನೂ ಅಂದೆ. ಅವಳು ಸಿಟ್ಟಿಗೇಳಲಿಲ್ಲ. "ಒಲಿ ಮುಂದ ಇನ್ನೊಬ್ಬಾಕಿ ಕುಂತಿದ್ರ ಏನ್ ಮಾಡ್ತಿ?" ಎಂದಷ್ಟೇ ಕೇಳಿದಳು. ಕೊನೆಗೆ ಅಪ್ಪ ತೀರ್ಮಾನ ಹೇಳಿದ. ಹೋಗೋಣ, ಮುಖ ನೋಡಿ ಕೇಳೋಣ. ಅಕ್ಕ ಬೇಡ ಎಂದರೆ ಅಲ್ಲಿಂದಲೇ ಮಗಳನ್ನು ವಾಪಸು ಕರೆದುಕೊಂಡು ಬರುವುದು.

ಹುಬ್ಬಳ್ಳಿಯಿಂದ ಗಾಡಿ ಬದಲಿಸಿ ಬದಲಿಸಿ ಹೋದೆವು. ಭೂತಾನದ ಗಡಿಬಾಗಿಲಲ್ಲಿ ಮತದಾರರ ಚೀಟಿ ತೋರಿಸಿದರೆ ಒಳಗೆ ಬಿಡುತ್ತಾರೆ ಎಂದು ಕೇಳಿದ್ದೇ ಅತ್ತಿಗೆ ಹೊಸ ಗುಮಾನಿ. "ಇಷ್ಟು ಸಸಾರ ಒಳಗ ಬಿಡೋ ದೇಶದಾಗ ಯಾರ್ಯಾರು ಬಂದು ಅಡಗಿರತಾರೋ!" ಬೆಟ್ಟ ಸುತ್ತುವ ಬಸ್ಸಿನಲ್ಲಿ ಅವಳು ಎರಡು ಸಲ ವಾಂತಿ ಮಾಡಿಕೊಂಡಳು, ಆದರೂ ಕಣ್ಣು ಮುಚ್ಚಲಿಲ್ಲ.

ಪ್ರತಾಪ ಬಸ್ಸಿನ ಹತ್ತಿರ ನಿಂತಿದ್ದ. ಮೂರು ವರ್ಷದ ಮೇಲೆ ನೋಡುತ್ತಿದ್ದೇನೆ, ಓಡಿ ಹೋಗಿ ಕೈ ಹಿಡಿಯಬೇಕು ಅನ್ನಿಸಿತು. ಅತ್ತಿ ನಡುವೆ ಬಂದು ನಿಂತಳು. ಅದು ಒಂದೇ ಬೀದಿಯ ಸಣ್ಣ ಪೇಟೆ. ಎರಡೂ ಕಡೆ ಬಣ್ಣದ ಕಿಟಕಿಯ ಕಟ್ಟಿಗೆ ಮನೆಗಳು, ಬೀದಿಯ ಕೊನೆಗೆ ದಿನ್ನೆಯ ಮೇಲೆ ಬುದ್ಧನ ಗುಡಿ. ಪ್ರತಾಪನ ಮನೆಯಲ್ಲಿ ಎರಡು ಕೋಣೆ. ಒಳಗಿನ ಕೋಣೆಯಿಂದ ಅವನ ಅಣ್ಣ ಫಕೀರಪ್ಪ ಬಂದು ಅಪ್ಪನ ಕಾಲು ಮುಟ್ಟಿದ. ತಲೆ, ಕಿವಿ, ಗದ್ದ ಎಲ್ಲ ಮುಚ್ಚುವಂತೆ ಮಫ್ಲರ್ ಸುತ್ತಿದ್ದ. ಯಾರೋ ಬಾಗಿಲು ತಟ್ಟಿದಾಗ ತಟಕ್ಕನೆ ಒಳಗೆ ಸರಿದ.

"ಅಂಜುಬುರುಕ ನೋಡು," ಅತ್ತಿ ನನ್ನ ಕಿವಿಯಲ್ಲಿ ಹೇಳಿದಳು. "ತಮ್ಮನ ಗುಟ್ಟು ಇವನ ಹೊಟ್ಟ್ಯಾಗ ಐತಿ."

ಅವಳ ತಪಾಸಣೆ ಶುರುವಾಯಿತು. ಬಾಚಣಿಗೆಯ ಹಲ್ಲಿನಲ್ಲಿ ಉದ್ದ ಕೂದಲಿದೆಯೇ ನೋಡಿದಳು. ಮಂಚದ ಕೆಳಗೆ ಬಗ್ಗಿದಳು. ಪಕ್ಕದ ಮನೆಗೂ ಹೋಗಿ ಕೈಸನ್ನೆಯಲ್ಲಿ ನೀರು ಕೇಳಿದಳು. ಅವರು ನೀರಿನ ಬದಲು ಉಪ್ಪು ಮತ್ತು ಬೆಣ್ಣೆ ಹಾಕಿದ ಚಹಾ ಕೊಟ್ಟರು. "ಚಾದಾಗ ಉಪ್ಪು ಹಾಕ್ಯಾರ! ಮಾತು ಬರಬಾರದು ಅಂತನ ಕೊಟ್ಟಾರ" ಎಂದು ವಾಪಸು ಬಂದಳು. ನನಗೆ ನಗು ಬಂತು, ಆದರೆ ಜೋರಾಗಿ ನಗಲಾರದೆ ಹೋದೆ. ಯಾಕೆಂದರೆ ಪ್ರತಾಪ ಇನ್ನೂ ಏನೂ ಹೇಳಿರಲಿಲ್ಲ. "ಲಗ್ನ ಒಂದು ಆಗಲಿ" ಅನ್ನುತ್ತಿದ್ದ.

ಲಗ್ನದ ಬೆಳಿಗ್ಗೆ ನಾನು ಬೌದ್ಧ ಪದ್ಧತಿಯಂತೆ ಬಿಳಿ ಸೀರೆ ಉಟ್ಟು ಕೂತಿದ್ದೆ. ಅತ್ತಿ ಒಳಗಿನ ಕೋಣೆಯ ಟ್ರಂಕಿನಿಂದ ಏನನ್ನೋ ಎತ್ತಿಕೊಂಡು ಬಂದು ಎಲ್ಲರ ಮುಂದೆ ಎಸೆದಳು. ಜರಿಯಂಚಿನ ಗುಲಾಬಿ ರುಮಾಲು, ಮದುಮಗ ತಲೆಗೆ ಕಟ್ಟುವಂಥದ್ದು.

"ಇದು ಹೊಸಾದಲ್ಲ. ಒಮ್ಮೆ ಕಟ್ಟಿ ಬಿಚ್ಚಿದ ರುಮಾಲು. ಮಡಿಕಿ ನೋಡ್ರಿ, ಕಲಿ ನೋಡ್ರಿ. ಉಡಚ್ಯಾ, ಇನ್ನೇನು ಕೇಳಾಕ ಕುಂತಿ? ಮಾಯವ್ವಾ, ಚೀಲಾ ಕಟ್ಟು."

ನಾನೇ ಎದ್ದು ಅವನ ಮುಂದೆ ನಿಂತೆ. "ಪ್ರತಾಪ, ನಿನಗ ಮೊದಲ ಲಗ್ನ ಆಗೇತೇನು? ಹೂಂ ಅನ್ನು, ಇಲ್ಲಾ ಅನ್ನು. ಇನ್ನ ನಾ ಕಾಯಾಂಗಿಲ್ಲ."

ಅವನು ಅಣ್ಣನ ಮುಖ ನೋಡಿದ. ಫಕೀರಪ್ಪ ಮಫ್ಲರ್ ಬಿಚ್ಚತೊಡಗಿದ. ಎಡಗಿವಿ ಅರ್ಧ ಇರಲಿಲ್ಲ. ಕಿವಿಯಿಂದ ಗದ್ದದವರೆಗೆ ಹೊಲಿಗೆಯ ಗಂಟು.

"ಆ ರುಮಾಲು ನಂದರಿ, ಅಕ್ಕಾರ," ಎಂದ. "ನಾ ಕುದುರಿ ಹತ್ತಿದ್ದೆ. ನಮ್ಮ ಕೇರಿಯವ್ರು ಯಾರೂ ಹತ್ತಿದ್ದಿಲ್ಲ. ಊರ ಅಗಸಿ ದಾಟಿ ಗುಡಿ ಮುಂದ ಬರೋದರಾಗ ಕಲ್ಲು ಬೀಳಾಕ ಹತ್ತಿದ್ವು. ಮಾಳಿಗಿ ಮ್ಯಾಲಿಂದ, ಕಟ್ಟಿ ಮ್ಯಾಲಿಂದ. ಗುರುತಿನ ಮಂದೀನರಿ. ನಾ ಬಿದ್ದೆ. ಹುಡುಗಿ ಅಪ್ಪ ಅಂಜಿ ಅವತ್ತ ಸಂಜೀಕೇ ಹುಡುಗಿನ್ನ ಕರಕೊಂಡು ಹೋದ. ತಾಳಿ ಕಟ್ಟಿದ್ದಿಲ್ಲ, ಹಂಗಾಗಿ ಲಗ್ನ ಆಗಿಲ್ಲ ಅಂತನ ಹೇಳ್ತೇವಿ. ಮುಂದ ಹಿರ್ಯಾರು ರಾಜಿ ಮಾಡಿಸಿದ್ರು. ಯಾರೂ ಬಾಯಿ ಬಿಡಬಾರದು ಅಂತ ಕೇರಿ ಮಂದಿ ಕಡೆ ಆಣಿ ಹಾಕಿಸ್ಕೊಂಡ್ರು."

"ಹುಬ್ಬಳ್ಳ್ಯಾಗರ ಲಗ್ನ ಮಾಡಬೇಕಿಲ್ಲ?" ಅಪ್ಪ ಕೇಳಿದ. "ಅಲ್ಲಿ ಯಾರು ಕೇಳ್ತಿದ್ರು?"

"ಆ ಮಂದಿ ದಿನಾ ಹುಬ್ಬಳ್ಳಿ ಪ್ಯಾಟಿಗೆ ಬರ್ತಾರ್ರಿ. ಬಸ್‌ಸ್ಟ್ಯಾಂಡಿನ್ಯಾಗ ಅವರ ದನಿ ಕೇಳಿದ್ರ ನನಗ ಉಚ್ಚಿ ಬರತೈತ್ರಿ, ಅದಕ್ಕ ಊರು ಬಿಟ್ಟು ಇಲ್ಲಿ ಇವನ ಕಡೆ ಬಂದು ಅದೇನಿ. ನಾ ಇಲ್ಲದ ಲಗ್ನ ಬ್ಯಾಡ ಅಂತ ಇವನ ಹಠ. ನಿಮಗ ಹೇಳಬ್ಯಾಡ ಅಂದಾಂವ ನಾನು. ಹೇಳಿದ್ರ ನೀವೂ ಹುಡುಗಿನ್ನ ಕರಕೊಂಡು ಹೋಗ್ತೀರಿ ಅಂತ ಅಂಜಿದ್ವಿ."

ಪ್ರತಾಪನ ಮೇಲೆ ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಮೂರು ವರ್ಷ ಪುಟಗಟ್ಟಲೆ ಬರೆದವನು ಇದೊಂದನ್ನು ಬರೆಯಲಿಲ್ಲವಲ್ಲ! "ನಾನೂ ಓಡಿ ಹೋಗ್ತೇನಿ ಅಂದ್ಕೊಂಡಿದ್ದೇನು?" ಎಂದು ಕೇಳಿದೆ.

ಅತ್ತಿ ಬಹಳ ಹೊತ್ತು ಆ ಕಿವಿಯನ್ನೇ ನೋಡುತ್ತಿದ್ದಳು. ಆಮೇಲೆ ರುಮಾಲನ್ನು ಎತ್ತಿ, ಝಾಡಿಸಿ, ರಕ್ತದ ಕಲೆ ಒಳಗೆ ಹೋಗುವಂತೆ ಮಡಚಿದಳು. "ಕುದುರಿ ಎಲ್ಲೈತಿ?" ಎಂದಳು.

ಕುದುರೆ ಅಂದರೆ ಮೂಟೆ ಹೊರುವ ಬೆಟ್ಟದ ಗಿಡ್ಡ ಕುದುರೆ. ಪ್ರತಾಪ ಬಾಡಿಗೆಗೆ ಹೇಳಿದ್ದ. ಅವನ ತಲೆಗೆ ಅಪ್ಪ ಆ ರುಮಾಲನ್ನೇ ಕಟ್ಟಿದ. ಲಗಾಮು ಹಿಡಿಯುವುದು ಫಕೀರಪ್ಪನ ಪಾಲಿಗೆ ಬಂತು. ಗುಡಿಯವರೆಗೆ ಬೀದಿ ಪೂರ್ತಿ ಹೋಗಬೇಕು. ಎಲ್ಲರಿಗಿಂತ ಮುಂದೆ ಸಾವಕ್ಕತ್ತಿ, ಸೀರೆಯ ಮೇಲೆ ಗಂಡಸರ ಸ್ವೆಟರು, ಕಣ್ಣು ಮಾಳಿಗೆಯಿಂದ ಮಾಳಿಗೆಗೆ. ಕಿಟಕಿ ತೆರೆದರೆ ನಿಲ್ಲುವಳು. ಯಾರಾದರೂ ಬಗ್ಗಿದರೆ ಅವರ ಕೈ ನೋಡುವಳು. ಹಿಂದೆ ನಡೆಯುತ್ತಿದ್ದ ನಾನೂ ಈಗ ಎಲ್ಲರ ಕೈಗಳನ್ನೇ ನೋಡುತ್ತಿದ್ದೆ. ಬೀದಿಯ ಜನ ಬಾಗಿಲಿಗೆ ಬಂದು ನಗುತ್ತಿದ್ದರು. ಆ ನಗುವನ್ನು ನಂಬಬೇಕೋ ಬಿಡಬೇಕೋ ತಿಳಿಯುತ್ತಿರಲಿಲ್ಲ.

ತಿರುವಿನ ಹತ್ತಿರ ಒಬ್ಬ ಮುದುಕಿ ಮೆಟ್ಟಿಲಿಳಿದು ಬಂದವಳೇ ಮುಷ್ಟಿ ಬಿಗಿಹಿಡಿದು ಕೈ ಎತ್ತಿದಳು.

"ಏಯ್!" ಅತ್ತಿ ಜಿಗಿದು ಅವಳ ಮಣಿಕಟ್ಟು ಹಿಡಿದಳು. ಕುದುರೆ ಬೆದರಿ ನಿಂತಿತು. ಫಕೀರಪ್ಪ ಲಗಾಮು ಬಿಟ್ಟವನೇ ರಸ್ತೆಯಲ್ಲಿ ಕುಕ್ಕರಿಸಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಪ್ರತಾಪ ಕುದುರೆಯಿಂದ ಧುಮುಕಿದ. ಅತ್ತಿ ಆ ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಅಂಗೈ ತುಂಬ ಅಕ್ಕಿ.

ಅತ್ತಿ ಕೈ ಬಿಟ್ಟಳು. "ಅಕ್ಕಿಕಾಳು ಐತೋ ಫಕೀರಪ್ಪಾ, ಅಕ್ಕಿಕಾಳು. ಏಳೋ ನಮ್ಮಪ್ಪಾ" ಎಂದು ಅಲ್ಲೇ ಗಳಗಳ ಅತ್ತಳು.

ಮುದುಕಿಗೆ ನಮ್ಮ ಮಾತು ಒಂದೂ ತಿಳಿಯಲಿಲ್ಲ. ನೊಂದ ಮಣಿಕಟ್ಟನ್ನು ಒಮ್ಮೆ ಉಜ್ಜಿಕೊಂಡಳು. ನಮ್ಮಲ್ಲಿ ಮದುಮಗ ಯಾರೆಂಬುದು ಅವಳಿಗೆ ಗೊತ್ತಾಗಲಿಲ್ಲವೆಂದು ಕಾಣುತ್ತದೆ. ರಸ್ತೆಯಲ್ಲಿ ಕೂತಿದ್ದ ಫಕೀರಪ್ಪನ ತಲೆಯ ಮೇಲೆ ಆ ಅಕ್ಕಿಯನ್ನೆಲ್ಲ ಹಾಕಿ, ಏನೋ ಹರಸಿ, ಮೆಟ್ಟಿಲು ಹತ್ತಿ ಹೋದಳು.