“ಎಲ್ಲಾರೂ ಹೊರಗ ಬರ್ರಿ!”

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡರೆ ಬೈಗುಳ ಅರ್ಧಕ್ಕಿಳಿಯುತ್ತದೆ ಎಂಬುದು ನನ್ನ ಅನುಭವ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರ್ಖಾನೆಯಲ್ಲಿ ಸಾಹುಕಾರರಂತೆ ದನಿ ತೆಗೆದವನು ನಾನು. ನಮ್ಮ ಗಿರಾಕಿ ಐನಾಪುರದ ಕಾಕಾನ ಮನೆಯ ನೆಲ ಕಳೆದವನೂ ನಾನೇ.

ಕಾರ್ಖಾನೆಯಲ್ಲಿ ಕಂಪ್ಯೂಟರು ಮೂರು. ಆಫೀಸಿನಲ್ಲಿ ನನ್ನದು, ಗೇಟಿನಲ್ಲೊಂದು, ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಅಳತೆ ಬರೆಯುವ ಭಂಕೂರದ ಅಕ್ಕನದು. “ಸರ್ವರ್ ಬೇಕ್ರಿ” ಎಂದಿದ್ದಕ್ಕೆ ಸಾಹುಕಾರರು, “ಯಾಕಲೇ, ಇಡ್ಲಿ ತಂದುಕೊಡಾಕ?” ಎಂದಿದ್ದರು. ಹಾಗಾಗಿ ನನ್ನ ಕಂಪ್ಯೂಟರಿನ ಒಂದು ಫೋಲ್ಡರನ್ನೇ ಎಲ್ಲರಿಗೂ ತೆರೆದಿಟ್ಟು, ಆರ್ಡರುಗಳ ಒಂದೇ ಫೈಲನ್ನು ಅದರೊಳಗೆ ಕೂರಿಸಿ, ಮೂರೂ ಕಡೆ ವೈರು ಎಳೆದೆ. ಒಬ್ಬರು ಬರೆದದ್ದು ಉಳಿದಿಬ್ಬರಿಗೂ ಕಾಣುತ್ತಿತ್ತು. ಮೊದಲ ದಿನ ಗಿರಾಕಿಯ ಹೆಸರಿನ ಜಾಗದಲ್ಲಿ ಅಕ್ಕ ಬರೆದದ್ದು ‘ಚಾ ಕುಡದಿ ಏನು?’ ಎಂದು. ಅದು ನನ್ನ ಪರದೆಯ ಮೇಲೆ ಮೂಡಿದಾಗ ಆದ ಹಿಗ್ಗು ಮತ್ತೆ ಯಾವ ಮಶೀನಿನಿಂದಲೂ ಆಗಿಲ್ಲ. ಈಗ ವಾಡಿ ಊರಿನಲ್ಲಿ ಕೂತು ಇಂಥ ಫೈಲುಗಳನ್ನೆಲ್ಲ ಮೊಬೈಲಿನಲ್ಲೇ ನೋಡುತ್ತೇನೆ; ಒದ್ದೆ ಕಲ್ಲಿನ ವಾಸನೆ ಮಾತ್ರ ಅದರಲ್ಲಿ ಬರುವುದಿಲ್ಲ.

ಇದ್ದದ್ದು ಒಂದೇ ತೊಡಕು. ಹೊಸ ಕಾಲಂ ಸೇರಿಸಬೇಕಾದರೆ ಎಲ್ಲರೂ ಫೈಲು ಮುಚ್ಚಿ ಹೊರಗೆ ಬರಬೇಕು. ನಾನು ಕೇಳಿದಾಗಲೆಲ್ಲ ಅಕ್ಕ, “ತಡಿಯೋ ತಮ್ಮಾ, ನಿಂದೊಂದು ಗದ್ಲ” ಎನ್ನುತ್ತಿದ್ದಳು.

ಆ ದಿನ ಕಾಕಾ ಬೆಳಿಗ್ಗೆಯೇ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದರು. ನಾಡಿದ್ದು ಮೊಮ್ಮಗಳ ತೊಟ್ಟಿಲ ಶಾಸ್ತ್ರ, ಅಷ್ಟರೊಳಗೆ ನೆಲ ಆಗಬೇಕು. ಹಳೇ ಮನೆ, ಗೋಡೆ ಒಂದೂ ನೆಟ್ಟಗಿಲ್ಲ, ಅಂಚಿನ ಕಲ್ಲು ಒಂದೊಂದಕ್ಕೂ ಒಂದೊಂದು ಅಳತೆ. ಆ ಅಳತೆಗಳನ್ನವರು ಹಗ್ಗಕ್ಕೆ ಗಂಟು ಹಾಕಿ ಗುರುತು ಮಾಡಿಕೊಂಡು ತಂದಿದ್ದರು. ಅಕ್ಕ ಗಂಟುಗಂಟಿಗೂ ಟೇಪು ಹಿಡಿದು ನೇರ ಫೈಲಿಗೇ ಹಾಕಿದಳು. ಕೊನೆಯ ಸಾಲು ಬರೆಯುತ್ತಿರುವಾಗಲೇ ನನಗೆ ‘ಪಾಲಿಶ್’ ಎಂಬ ಕಾಲಂ ಸೇರಿಸುವ ಚಪಲ. ಇಂಟರ್‌ಕಾಮ್ ಎತ್ತಿ ಸಾಹುಕಾರರಂತೆಯೇ ಒಡಕು ದನಿ ತೆಗೆದು ಗುಡುಗಿದೆ: “ಎಲ್ಲಾರೂ ಹೊರಗ ಬರ್ರಿ!”

ಫೈಲಿನಿಂದ ಎಂದು ಹೇಳಲಿಲ್ಲ. ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಆ ಮಾತಿಗಿರುವುದು ಒಂದೇ ಅರ್ಥ: ಬಂಡೆ ಜಾರಿದೆ, ಮೇನ್ ಸ್ವಿಚ್ ಇಳಿಸಿ ಓಡಿ. ಅಕ್ಕ ಸ್ವಿಚ್ ಇಳಿಸಿದಳು. ಕೊಯ್ಯುವ ಮಶೀನು ನಿಂತಿತು, ಕಂಪ್ಯೂಟರ್ ಆರಿತು, ಬರೆಯುತ್ತಿದ್ದ ಫೈಲು ನಡುವೆಯೇ ಕೆಟ್ಟಿತು. ಎಂಟು ಜನ ಮೈತುಂಬ ಕಲ್ಲಿನ ರಾಡಿ ಮೆತ್ತಿಕೊಂಡು ಅಂಗಳದಲ್ಲಿ ನಿಂತರು. ನನ್ನ ಬಳಿ ಇದ್ದದ್ದು ಹಿಂದಿನ ದಿನದ ನಕಲು. ಅದರಲ್ಲಿ ಕಾಕಾನ ನೆಲ ಇರಲಿಲ್ಲ.

“ಕಾಕಾ, ಹಗ್ಗ ಎಲ್ಲೈತ್ರಿ?” ಈಗ ನನ್ನ ಸ್ವಂತ ದನಿಯಲ್ಲೇ ಕೇಳಿದೆ.

“ಟ್ರೇಲರಿನ ಬಾಗಿಲಿಗೆ ಬಿಗದೀನಿ. ಗಂಟು ಬಿಚ್ಚಿಲ್ಲ ಬಿಡಪಾ, ನಿನ್ನ ಕಂಪ್ಯೂಟರಿಗಿಂತ ಗಟ್ಟಿ ಅದಾವ.”

ನಾನು ಹಗ್ಗ ಹಿಡಿದೆ, ಅಕ್ಕ ಮತ್ತೆ ಅಳೆದಳು. ಈ ಸಲ ಬಳಪದಿಂದ ಗೋಡೆಯ ಮೇಲೂ ಬರೆದಳು. ಸಂಜೆಯೊಳಗೆ ಟ್ರ್ಯಾಕ್ಟರ್ ತುಂಬಿ ಹೊರಟಿತು. ಆಮೇಲೆ ಸಾಹುಕಾರರು ಎಲ್ಲರನ್ನೂ ನಿಲ್ಲಿಸಿ ಕೇಳಿದರು: “ನನ್ನ ದನಿ ತೆಗದಾಂವ ಯಾವನಲೇ?”

ನಾನು ನೆಲ ನೋಡಿದೆ. ಅಕ್ಕ ನನ್ನ ಕಡೆಗೊಮ್ಮೆ ನೋಡಿ, ಸೆರಗು ಕೊಡವಿಕೊಂಡು ಹೇಳಿದಳು:

“ದನಿ ನಿಮ್ದ ಇತ್ರಿ ಸಾಹುಕಾರ್ರ. ಆದ್ರ ಕೊನೀಗಿ ‘ಲೇ’ ಇರ್ಲಿಲ್ಲ. ಯಾರೋ ಮರ್ಯಾದಿ ಇದ್ದಾಂವ ಕರಿಯಾಕತ್ತಾನ ಅಂತ ಅಲ್ಲೇ ನನಗ ತಿಳೀಬೇಕಿತ್ತು.”