ಸಬ್‌ಟೈಟಲ್ ಇಲ್ಲದ ಕಡಲತೀರ

ಕಡಲಿನ ಎದುರು ನಿಂತ ಮನುಷ್ಯನಿಗೆ ಮಾತು ನಿಂತುಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇದು ಫ್ರೆಂಚ್ ಸಿನಿಮಾದವರಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮಜ್ಜಿ ಕಡಲಿನ ಎದುರೂ ಕೋಡುಬಳೆ ಡಬ್ಬ ಎಲ್ಲಿ ಎಂದು ಕೇಳುತ್ತಿದ್ದರು. ಕಡಲು ಟಿವಿಯೊಳಗಿತ್ತು, ಟಿವಿ ಸ್ವೀಡನ್ನಿನ ವೆಸ್ಟೆರಾಸ್ ಊರಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿತ್ತು. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಆದರೂ ಎಲ್ಲಾದರೂ ಹಳೆಯ ಡಿವಿಡಿಯ ಕವರು ತೆರೆದರೆ ಸಾಕು, ಆ ಪ್ಲಾಸ್ಟಿಕ್ ವಾಸನೆಯ ಹಿಂದೆಯೇ ಅಜ್ಜಿಯ ತಲೆಯ ಹರಳೆಣ್ಣೆ, ಅಮ್ಮನ ಡಿಕಾಕ್ಷನ್ನು, ಭಾನುವಾರದ ಮಧ್ಯಾಹ್ನ ಸಾಲಾಗಿ ಬಂದು ನಿಲ್ಲುತ್ತವೆ.

ಟ್ರಾನ್ಸ್‌ಫಾರ್ಮರ್ ಎಂಜಿನಿಯರ್ ಆಗಿದ್ದ ಅಪ್ಪ ಸ್ವೀಡಿಷ್ ಕಲಿಯಲು ಕಂಡುಕೊಂಡಿದ್ದ ದಾರಿ, ಲೈಬ್ರರಿಯಿಂದ ಫ್ರೆಂಚ್ ಸಿನಿಮಾ ತರುವುದು. ಸ್ವೀಡಿಷನ್ನು ಕಿವಿಯಲ್ಲಿ ಕೇಳಿ ಕಲಿಯುವುದಕ್ಕಿಂತ ಸಬ್‌ಟೈಟಲ್‌ನಲ್ಲಿ ಓದಿ ಕಲಿಯುವುದು ಸುಲಭ ಎಂಬುದು ಅವರ ಸಿದ್ಧಾಂತ. ಹತ್ತು ನಿಮಿಷದಲ್ಲಿ ಸಿದ್ಧಾಂತ ಸಮೇತ ಗೊರಕೆ ಹೊಡೆಯುತ್ತಿದ್ದರು. ಬೇಸಿಗೆಗೆಂದು ಮೈಸೂರಿನಿಂದ ಬಂದಿದ್ದ ಅಜ್ಜಿಗೆ ಆ ಸಬ್‌ಟೈಟಲನ್ನು ಕನ್ನಡದಲ್ಲಿ ಹೇಳುವ ಹುದ್ದೆ ಒಂಬತ್ತು ವರ್ಷದ ನನ್ನದು. ತೊಂದರೆಯೆಂದರೆ, ಆ ಸಿನಿಮಾಗಳೆಲ್ಲ ಕೊನೆಗೆ ಕಡಲತೀರಕ್ಕೇ ಹೋಗುತ್ತಿದ್ದವು. ಬೂದು ಅಲೆ, ಗಾಳಿ, ಕೋಟು ತೊಟ್ಟ ಹೆಂಗಸು. ಮಾತಿಲ್ಲ, ಹಾಗಾಗಿ ಸಬ್‌ಟೈಟಲೂ ಇಲ್ಲ. ಅಜ್ಜಿ ಮಾತ್ರ, "ಈಗೇನಂತಾಳೆ ಪುಟ್ಟಿ?" ಎನ್ನುತ್ತಿದ್ದರು. ಹುದ್ದೆ ಉಳಿಸಿಕೊಳ್ಳಲು ನಾನು ಕಟ್ಟಿ ಹೇಳುತ್ತಿದ್ದೆ. ಹೀಗೆ ಎಷ್ಟೋ ಫ್ರೆಂಚ್ ದಂಪತಿಗಳು ನನ್ನಿಂದಾಗಿ ರಾಜಿಯಾದರು. ಒಬ್ಬಳಂತೂ ತವರಿಗೆ ಹೋಗಿ ಬಾಣಂತನವನ್ನೂ ಮಾಡಿಸಿಕೊಂಡಳು.

ಅಜ್ಜಿ ಊರಿಗೆ ಹೊರಡುವ ಮುಂಚಿನ ಭಾನುವಾರ. ಮಂಡಿನೋವಿನ ಅಜ್ಜಿ ಮತ್ತೆ ಬರುತ್ತೇನೆಂದು ಒಪ್ಪಿಯೇ ಇರಲಿಲ್ಲ. ಅಮ್ಮ ಕೇಳಿದಾಗಲೆಲ್ಲ "ನೋಡೋಣ" ಎಂದಿದ್ದರು. ನಮ್ಮ ಮನೆಗಳಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ, ನಿಮಗೂ ಗೊತ್ತಿರುತ್ತದೆ. ಪರದೆಯ ಮೇಲೆ ಮುದುಕಿಯೊಬ್ಬಳು ಮರಳಿನಲ್ಲಿ ನಿಂತು ಕಡಲನ್ನೇ ನೋಡುತ್ತಿದ್ದಳು. ಅಜ್ಜಿ ಕೇಳುವ ಮೊದಲೇ ನಾನು ಹೇಳಿದೆ: "ಮುಂದಿನ ಬೇಸಿಗೆಗೆ ಮತ್ತೆ ಬರ್ತೀನಿ ಅಂತಿದಾಳೆ ಅಜ್ಜಿ. ಖಂಡಿತ ಅಂತೆ."

ಅಜ್ಜಿ ಟಿವಿ ಬಿಟ್ಟು ನನ್ನನ್ನು ನೋಡಿದರು. "ಬಾಯೇ ಬಿಡದೆ ಇಷ್ಟೆಲ್ಲಾ ಹೇಳಿದ್ಲಾ?"

ನಾನು ಕಾರ್ಪೆಟ್ಟು ನೋಡಿದೆ. ಅವರು ಒಂದು ಕೋಡುಬಳೆ ಮುರಿದು ಅರ್ಧ ನನ್ನ ಕೈಗಿಟ್ಟರು. "ಹೇಳಿದಾಳೆ ಅಂದ್ಮೇಲೆ ಬರ್ತಾಳೆ ಬಿಡು."

ಮರುವರ್ಷ ಜೂನ್‌ನಲ್ಲಿ ಅಜ್ಜಿ ಬಂದರು. ಅದರ ಮರುವರ್ಷ ಬರಲಿಲ್ಲ.