ಹೆಂಗಸರ ಕಿಟಕಿಯ ಟಿಕೇಟ್ ಅಕ್ಕ

ಊರಿಗೆ ಆಕೆಯ ಮುಖಕ್ಕಿಂತ ಮೊದಲು ಪರಿಚಯವಾದದ್ದು ಆಕೆಯ ಬಲಗೈ. ಮಣಿಕಟ್ಟಿನ ಮೇಲೆ ಚೇಳಿನ ಹಚ್ಚೆ, ಮುಂಗೈ ತುಂಬ ಹಸಿರು ಗಾಜಿನ ಬಳೆ, ಹೆಬ್ಬೆರಳಿನಲ್ಲಿ ಎಷ್ಟು ತೊಳೆದರೂ ಹೋಗದ ನೇರಳೆ ಮಸಿ. ಬಸವಕಲ್ಯಾಣದ ಟಾಕೀಸಿನಲ್ಲಿ ಹೆಂಗಸರ ಟಿಕೇಟ್ ಕಿಟಕಿ ಎಂದರೆ ಗೋಡೆಯಲ್ಲಿ ಕೊರೆದ ಒಂದು ತೂತು. ಕೈ ಹೋಗಿ ಬರುವಷ್ಟೇ ಜಾಗ. ಅದರ ಹಿಂದೆ ಕೂತವಳನ್ನು ಎಲ್ಲರೂ ಟಿಕೇಟ್ ಅಕ್ಕ ಎನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಒಂದು ಜಿಲ್ಲಾ ಪತ್ರಿಕೆಗೆ ಆ ಊರಿನಿಂದ ಸುದ್ದಿ ಕಳಿಸುತ್ತಿದ್ದೆ. ಟಿಕೇಟ್ ಅಕ್ಕನ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೆ. ಗಂಡ ಅದೇ ಟಾಕೀಸಿನಲ್ಲಿ ಸಿನಿಮಾ ಯಂತ್ರ ಓಡಿಸುವ ಆಪರೇಟರ್. ಮೊದಲ ಹೆಂಡತಿ ತೀರಿಕೊಂಡ ಮೇಲೆ ಈಕೆಯನ್ನು ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನಿಂದ ತಂದುಕೊಂಡಿದ್ದ. ಮೊದಲ ಹೆಂಡತಿಯ ಮಗ ಆಗಲೇ ಮೀಸೆ ಬಂದ ಹುಡುಗ. ಅವನು ಆಕೆಯನ್ನು ಏನೆಂದೂ ಕರೆಯುತ್ತಿರಲಿಲ್ಲ. ಊಟಕ್ಕೆ ಕೂತು "ಉಪ್ಪ ಬೇಕಿತ್ತು" ಎಂದು ಗೋಡೆಗೆ ಹೇಳುತ್ತಿದ್ದ. ಆಕೆ ಗೋಡೆಯ ಪರವಾಗಿ ಉಪ್ಪು ಬಡಿಸುತ್ತಿದ್ದಳು.

ಟಿಕೇಟು ಹರಿದು ಮುಗಿಯುವ ಹೊತ್ತಿಗೆ ಆಟ ಅರ್ಧ ದಾರಿಗೆ ಬಂದಿರುತ್ತಿತ್ತು. ಹೀಗಾಗಿ ಆಕೆ ಯಾವ ಸಿನಿಮಾದ ಮೊದಲನ್ನೂ ನೋಡಿದವಳಲ್ಲ. ಆದರೂ ಸರದಿಯಲ್ಲಿ ನಿಂತವರಿಗೆ ತಪ್ಪದೆ ಎಚ್ಚರಿಕೆ ಕೊಡುತ್ತಿದ್ದಳು: "ಇದು ಅಳೂ ಸಿನಿಮಾ ಅದವ್ವ, ಒಂದ ಸೆರಗಿಗೆ ಸಾಲಲ್ಲ."

ಗಾಳಿಮಾತು ಮಾತ್ರ ಆಕೆಯ ಹತ್ತಿರ ನಡೆಯುತ್ತಿರಲಿಲ್ಲ. ಒಮ್ಮೆ ನಾನು ಒಬ್ಬ ಕಿರಾಣಿ ವ್ಯಾಪಾರಿ ಊರು ಬಿಟ್ಟು ಓಡಿಹೋದನಂತೆ ಎಂದೆ.

"ಕಣ್ಣಿಲೆ ಕಂಡೀರೇನ್ರಿ?"

"ಇಲ್ಲಕ್ಕಾ, ಎಲ್ಲಾರೂ ಅನ್ನಾಕತ್ತಾರ."

"ಎಲ್ಲಾರೂ ಅಂದ್ರ ಯಾರ್ರಿ? ಒಬ್ಬನ ಹೆಸರ ಹೇಳ್ರಿ, ನಾನೇ ಹೋಗಿ ಕೇಳತೀನಿ."

ವ್ಯಾಪಾರಿ ಮಗಳ ಬಾಣಂತನಕ್ಕೆ ಹೋಗಿದ್ದ.

ಆ ವರ್ಷ ಒಂದು ಖೂನಿ ಸಿನಿಮಾ ಬಂತು. ಅದರಲ್ಲಿ ಮಲತಾಯಿ ಹಾಲಿಗೆ ವಿಷ ಬೆರೆಸಿ ಮನೆಯ ಅಜ್ಜನನ್ನು ಕೊಲ್ಲುತ್ತಾಳೆ. ಅಪವಾದ ಮಗನ ಮೇಲೆ ಬರುತ್ತದೆ. ತಂದೆಯೇ ಅವನನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ವಿಷ ಬೆರೆಸಿದ್ದು ಯಾರೆಂದು ತೋರಿಸುವುದು ಕೊನೆಯ ರೀಲಿನಲ್ಲಿ. ಮರುದಿನದಿಂದಲೇ ಕಿಟಕಿಗೆ ಮಾತುಗಳು ಬೀಳತೊಡಗಿದವು.

"ಅಕ್ಕಾ, ಇವತ್ತ ಹಾಲ ಕಾಸೀಯೇನ?"

"ಕಾಸೀನವ್ವ. ಸಕ್ಕರಿ ಜರಾ ಜಾಸ್ತಿ ಬಿದ್ದದ. ಕುಡೀತಿಯೇನ?"

ಸರದಿ ನಗುತ್ತಿತ್ತು. ಕೈ ಮಾತ್ರ ಚಿಲ್ಲರೆ ಕೊಡುವಾಗ ಸ್ವಲ್ಪ ತಡೆಯುತ್ತಿತ್ತು. ಚಹಾದಂಗಡಿಯಲ್ಲಿ ಗೆಳೆಯರು ಮಗನನ್ನೂ ಬಿಡಲಿಲ್ಲ: "ನಿಮ್ಮ ಮನಿ ಚಾ ನಮಗ ಬ್ಯಾಡಪ್ಪೋ!" ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದದ್ದನ್ನು ನಾನು ನೋಡಿದೆ.

ಬಸವಕಲ್ಯಾಣದ ಟಾಕೀಸಿಗೂ ಹುಮನಾಬಾದಿನ ಟಾಕೀಸಿಗೂ ಮಾಲೀಕರು ಒಬ್ಬರೇ. ಎರಡಕ್ಕೂ ಸಿನಿಮಾದ ಒಂದೇ ಪ್ರಿಂಟು. ಇಲ್ಲಿ ಓಡಿ ಮುಗಿದ ರೀಲಿನ ಡಬ್ಬಿಗಳನ್ನು ಮಗ ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ನಡುದಾರಿಯ ರಾಜೇಶ್ವರ ಊರಿನ ಮೇಲೆ ಹಾದು ಹುಮನಾಬಾದಿಗೆ ಮುಟ್ಟಿಸಬೇಕು. ಅಲ್ಲಿ ಆಟ ಅಷ್ಟು ತಡವಾಗಿ ಶುರುವಾಗುತ್ತಿತ್ತು. ಅಲ್ಲಿಯ ಮೊದಲ ದಿನದ ಮ್ಯಾಟಿನಿಗೆ ಉಳಿದೆಲ್ಲ ಡಬ್ಬಿ ಮುಟ್ಟಿದವು, ಕೊನೆಯದು ಮುಟ್ಟಲಿಲ್ಲ. ಖೂನಿ ಮಾಡಿದವರು ಯಾರೆಂದು ತಿಳಿಯದ ಜನ ಕುರ್ಚಿ ಮುರಿದರು.

ಹೊತ್ತು ಮುಳುಗುವ ಮೊದಲು ಮಾಲೀಕರು ಜೀಪಿನಲ್ಲಿ ಬಸವಕಲ್ಯಾಣಕ್ಕೆ ಬಂದರು. ಸುದ್ದಿ ತಿಳಿದು ನಾನೂ ಟಾಕೀಸಿಗೆ ಹೋದೆ.

"ಡಬ್ಬಿ ಎಲ್ಲಿ?"

"ದಾರ್ಯಾಗ ಬಿತ್ತರಿ," ಎಂದ ಮಗ.

"ಬಿತ್ತೋ, ಮಾರಿದಿಯೋ? ನಡಿ ಠಾಣಾಕ್ಕ."

ಮೇಲಿನ ಯಂತ್ರದ ಕೋಣೆಯಿಂದ ಇಳಿದು ಬಂದ ತಂದೆ ಮಗನ ಕೊರಳಪಟ್ಟಿ ಹಿಡಿದ. "ಒಯ್ಯಿರಿ ಸಾಹೇಬ್ರ. ನನ್ನ ಮಗ ಅಂತ ಮುಲಾಜ ಮಾಡಬ್ಯಾಡ್ರಿ. ಇಂಥಾಂವ ಮನ್ಯಾಗ ಇರೂದೂ ಬ್ಯಾಡ."

ಟಿಕೇಟ್ ಕೋಣೆಯ ಬಾಗಿಲು ತೆರೆಯಿತು.

"ಅಂವನ್ನ ಬಿಡ್ರಿ. ಡಬ್ಬಿ ನಾ ತಗೊಂಡೀನಿ."

"ನೀನ?" ಎಂದರು ಮಾಲೀಕರು.

"ಹೌದ್ರಿ. ಗಾಡಿ ಚಾಲೂ ಮಾಡೂತನಕ ಕಿಟಕಿ ಕಟ್ಟಿ ಮ್ಯಾಲ ಇಟ್ಟಿದ್ದ. ಕೈ ಹಾಕಿ ಒಳಗ ಎಳಕೊಂಡೆ. ಜನರ ಮಾತ ಕೇಳಿ ತಲಿ ಕೆಟ್ಟಿತ್ತು. ಗಲ್ತಿ ನಂದೇ ಅದ. ಬ್ಯಾರೆ ಕಡೆ ಇಟ್ಟೀನಿ, ಮುಂಜಾನಿ ತಂದ ಕೊಡತೀನಿ."

ಆ ರೀಲು ಬೇಡವಾಗಿದ್ದವರು ಊರಿನಲ್ಲಿ ಆಕೆಯ ಹೊರತು ಇನ್ನಾರು? ಮಾಲೀಕರು ನಂಬಿದರು. ನಾಳೆಯಿಂದ ಕಿಟಕಿಗೆ ಬರಬೇಡ ಎಂದರು. ತಂದೆಯ ಕೈ ಸಡಿಲವಾಯಿತು. ಅವನು ಆ ಕಿಟಕಿಯನ್ನೇ ನೋಡಿ, ಮೇಲೆ ಹತ್ತಿ ಹೋದ.

"ಇದನ್ನ ಬರೀಲೇನಕ್ಕಾ?" ಎಂದು ಕೇಳಿದೆ.

"ಡಬ್ಬಿ ನನ್ನ ಕೈಯಾಗ ಕಣ್ಣಿಲೆ ಕಂಡೀರೇನ್ರಿ?"

ಕಂಡಿರಲಿಲ್ಲ. ರೀಲು ತಲುಪದೆ ಆಟ ನಿಂತಿತು, ಕುರ್ಚಿಗಳು ಮುರಿದವು ಎಂದಷ್ಟೇ ಬರೆದೆ. ಬೆಳಿಗ್ಗೆ ಡಬ್ಬಿ ಟಾಕೀಸಿನ ಬಾಗಿಲಲ್ಲಿತ್ತು. ಅದರ ಮುಚ್ಚಳಕ್ಕೆ ಕಡಲೆ ಹೊಟ್ಟು ಅಂಟಿತ್ತು.

ಕಿಟಕಿಯಲ್ಲಿ ಒಬ್ಬ ಗಂಡಸನ್ನು ಕೂರಿಸಿದರು. ಗಂಡಸಿನ ಕೈ ಇರುವ ತೂತಿಗೆ ಕೈ ಹಾಕಲು ಹೆಂಗಸರು ಒಪ್ಪಲಿಲ್ಲ. ತಿಂಗಳೊಳಗೆ ಚೇಳಿನ ಹಚ್ಚೆ ಮತ್ತೆ ಕಾಣಿಸಿತು. ಅಷ್ಟರಲ್ಲಿ ಗೋಡೆಯಾಚೆ ಒಂದು ಮಾತು ಬದಲಾಗಿದ್ದು ನನ್ನ ಕೋಣೆಗೆ ಕೇಳಿಸಿತ್ತು: "ಅವ್ವಾ, ಉಪ್ಪ ಕೊಡು."

ಮುಂದೆ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದುವವನಾದೆ. ಹೊಸ ವರದಿಗಾರರು 'ಎಲ್ಲರೂ ಹೇಳುತ್ತಾರೆ' ಎಂದು ಬರೆದಾಗಲೆಲ್ಲ ನನ್ನ ಬಾಯಿಂದ ಆಕೆಯ ಪ್ರಶ್ನೆಯೇ ಬರುತ್ತಿತ್ತು.

ಎರಡು ಸಾವಿರದ ನಂತರ ಟಾಕೀಸು ಮುಚ್ಚಿ ಗೋದಾಮಾಯಿತು. ಕೆಲವು ವರ್ಷಗಳಲ್ಲಿ ಆಕೆಯೂ ತೀರಿಕೊಂಡಳು. ನಾನು ಹೋದಾಗ ಗೋಡೆಗೊರಗಿಸಿ ಕೂರಿಸಿ, ವಿಭೂತಿ ಹಚ್ಚಿದ್ದರು. ಬಂದ ಹೆಂಗಸರು ಮೊದಲು ತೊಡೆಯ ಮೇಲಿದ್ದ ಬಲಗೈ ನೋಡಿ, ಆಮೇಲೆ ಮುಖ ನೋಡುತ್ತಿದ್ದರು.

ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಕೂತಿದ್ದೆವು. ಮಗ ತಂದೆಯ ಕಡೆ ನೋಡದೆ ಹೇಳಿದ: "ಅಪ್ಪಾ, ಆ ಡಬ್ಬಿ ನಾನೇ ರಾಜೇಶ್ವರದಾಗ ಹೊಟ್ಟಿನ ಬಣವ್ಯಾಗ ಇಟ್ಟಿದ್ದೆ. ಅವತ್ತ ಹುಮನಾಬಾದಿಗೆ ಆಕಿ ತವರಿನೋರು ಸಿನಿಮಾ ನೋಡಾಕ ಬರೋರಿದ್ರು. ಅವರ ಮುಂದೂ ಆಕಿ ನಗೆಪಾಟಲ ಆಗೂದ ಬ್ಯಾಡಾಗಿತ್ತು."

"ಗೊತ್ತದ," ಎಂದ ಮುದುಕ.

"ಆಕಿ ಹೇಳಿದ್ಲೇನ?"

"ಇಲ್ಲ. ಆ ತೂತ ಕೊರದಂವ ನಾನೇ. ಆಕಿ ಕೈ ಹೋಗೂದೇ ಕಷ್ಟ, ಡಬ್ಬಿ ಹ್ಯಾಂಗ ಹೋಗತದ?"

"ಮತ್ತ ಯಾಕ ಸುಮ್ಮಕಿದ್ದಿ?"

"ನಾ ನಿನ್ನ ಹೊರಗ ಹಾಕಿದ್ದೆ. ಆಕಿ ಒಳಗ ಎಳಕೊಂಡ್ಲು. ಮತ್ತೇನ ಕೇಳಲಿ?"

ಆ ಕಿಟಕಿಯನ್ನು ದಿನಾ ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ.